ಹೆಗಲ ಮೇಲಿನ ಗಂಟು

ಯುಗಾದಿ ಸಮೀಪಿಸಿತೆಂದರೆ ಉತ್ತರ ಕರ್ನಾಟಕದ ರಸ್ತೆಗಳ ನೋಟವೇ ಬದಲಾಗುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ರಾಯಚೂರು ಸೀಮೆಗಳ ಜನರು ಕಂಬಿಗಳನ್ನು ಹೊತ್ತು, ಮಲ್ಲಯ್ಯನ ಹೆಸರನ್ನು ಹೇಳುತ್ತ, ಗುಂಪುಗುಂಪಾಗಿ ಶ್ರೀಶೈಲದ ಕಡೆಗೆ ನಡೆಯತೊಡಗುತ್ತಾರೆ. ಮರಗಾಲು ಕಟ್ಟಿಕೊಂಡು ನಡೆಯುವವರೂ ಉಂಟು. ದೂರದ ಊರುಗಳವರಿಗೆ ಇದು ಎರಡು ವಾರಗಳಷ್ಟು ಕಾಲದ ನಡಿಗೆ. ಹೊರಡುವವರ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಗಂಟಿನದು: ಏನನ್ನು ಒಯ್ಯಬೇಕು? ಎರಡನೆಯದು, ರಾತ್ರಿ ಎಲ್ಲಿ ಮಲಗಬೇಕು? ಇವು ಭಕ್ತಿಗೆ ಸಂಬಂಧಿಸದ ಕ್ಷುಲ್ಲಕ ಪ್ರಶ್ನೆಗಳೆಂದು ಭಾವಿಸುವವರ ಮಾತನ್ನು ನಾನು ಒಪ್ಪಲಾರೆ.

“ಶಿವನನ್ನು ನಂಬಿ ಹೊರಟವನಿಗೆ ಗಂಟೇಕೆ? ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಎಲ್ಲವನ್ನೂ ತೊರೆದು ಇದೇ ಶ್ರೀಶೈಲಕ್ಕೆ ಹೋಗಲಿಲ್ಲವೇ?” ಎಂದು ಕೇಳುವವರಿದ್ದಾರೆ. ಕೇಳುವುದಕ್ಕೆ ಇಂಪಾದ ಮಾತು. ಆದರೆ ಅಕ್ಕ ಹಿಂದಿರುಗುವ ಉದ್ದೇಶದಿಂದ ಹೋದವಳಲ್ಲ. ನಾವೋ, ಹಬ್ಬ ಮುಗಿಯುತ್ತಲೇ ಬಸ್ಸು ಹಿಡಿದು ಮನೆ ಸೇರಬೇಕಾದವರು. ಬರಿಗೈಯಲ್ಲಿ ಹೊರಟವನು ಹಸಿದಾಗ, ಕಾಲು ಒಡೆದಾಗ, ಜೊತೆಗಾರರ ಗಂಟನ್ನು ಬಿಚ್ಚಿಸುತ್ತಾನೆ. ಅವನ ವೈರಾಗ್ಯದ ಭಾರವನ್ನು ಇನ್ನೊಬ್ಬರ ಹೆಗಲು ಹೊರಬೇಕಾಗುತ್ತದೆ.

ಇದಕ್ಕೆ ವಿರುದ್ಧವಾದ ತಪ್ಪನ್ನು ನಾನೇ ಮಾಡಿದ್ದೇನೆ. ಮೊದಲ ಸಲ ಹೊರಟಾಗ ನನ್ನ ಚೀಲದಲ್ಲಿ ನಾಲ್ಕು ಜೊತೆ ಬಟ್ಟೆ, ದಪ್ಪನೆಯ ಜಮಖಾನೆ, ದಿಂಬು, ಎರಡು ಪುಸ್ತಕ. ಕಾಲಿಗೆ ಹೊಚ್ಚ ಹೊಸ ಚಪ್ಪಲಿ. ಮೂರನೆಯ ದಿನದ ಹೊತ್ತಿಗೆ ಅಂಗಾಲಿನಲ್ಲಿ ಗುಳ್ಳೆಗಳೆದ್ದು, ಹೆಗಲು ಕೆಂಪಾಗಿ, ನಾನು ಗುಂಪಿನಿಂದ ಹಿಂದೆ ಬಿದ್ದೆ. ನಮ್ಮೊಡನಿದ್ದ ಹಿರಿಯ ಮುದುಕಿಯೊಬ್ಬಳು ಚೀಲವನ್ನು ದಿಟ್ಟಿಸಿ, “ಯಾಕೋ ತಮ್ಮಾ, ಮಲ್ಲಯ್ಯನ ಕಡೆ ಹೊಂಟೀಯೋ, ಮನಿ ಬದಲಿ ಮಾಡಾಕ ಹೊಂಟೀಯೋ?” ಎಂದಳು. ಆಕೆಯ ಗಂಟಿನಲ್ಲಿದ್ದುದು ಒಂದು ಕಂಬಳಿ, ಒಂದು ಸೀರೆ, ತಂಬಿಗೆ, ತಟ್ಟೆ, ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲದ ತುಂಡು, ಉಪ್ಪಿನ ಪೊಟ್ಟಣ ಮತ್ತು ಸಣ್ಣ ಸೀಸೆಯಲ್ಲಿ ಕೊಬ್ಬರಿ ಎಣ್ಣೆ. ಜೋಳದ ಕಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಒಲೆಯೂ ಬೇಡ. ಹಾಸಲು, ಹೊದೆಯಲು, ಬಿಸಿಲಿಗೆ ತಲೆಯ ಮೇಲೆ ಹಾಕಿಕೊಳ್ಳಲು ಅದೊಂದೇ ಕಂಬಳಿ. ಅಂದಿನ ಸಂಜೆಯೇ ನಾನು ಜಮಖಾನೆಯನ್ನೂ ದಿಂಬನ್ನೂ ನಾವು ತಂಗಿದ ಮನೆಯವರಿಗೆ ಒಪ್ಪಿಸಿದೆ. ಪುಸ್ತಕಗಳನ್ನು ಬಿಡಲು ಮನಸ್ಸಾಗಲಿಲ್ಲ. ಹೊತ್ತೆ, ಆದರೆ ಒಂದು ಪುಟವನ್ನೂ ಓದಲಿಲ್ಲ.

ಆಕೆಯ ಗಂಟಿನಲ್ಲಿದ್ದ ಉಪ್ಪು ಬೆಲ್ಲಗಳ ಅರ್ಥ ನನಗೆ ತಡವಾಗಿ ಹೊಳೆಯಿತು. ಫಾಲ್ಗುಣದ ಬಿಸಿಲಿನಲ್ಲಿ ಬೆವರಿನೊಡನೆ ಉಪ್ಪೂ ದೇಹವನ್ನು ಬಿಟ್ಟುಹೋಗುತ್ತದೆ. ಬರಿಯ ನೀರು ಅದನ್ನು ತುಂಬಿಕೊಡಲಾರದು. ನಲ್ಲಮಲೆಯ ಕಾಡು ಎಲೆಯುದುರುವ ಕಾಡು. ಯುಗಾದಿಯ ವೇಳೆಗೆ ಅಲ್ಲಿ ಮರಗಳಿದ್ದರೂ ನೆರಳು ವಿರಳ. ಆದುದರಿಂದ ಉಳಿದುದನ್ನೆಲ್ಲ ಬಿಟ್ಟರೂ ನೀರಿನ ಪಾತ್ರೆಯನ್ನು ಬಿಡಬಾರದು.

ಈಗ ಅನೇಕ ಗುಂಪುಗಳ ಹಿಂದೆ ಟ್ರ್ಯಾಕ್ಟರುಗಳು ಸಾಗುತ್ತವೆ. ಮುದುಕರಿಗೆ, ಕಾಯಿಲೆ ಬಿದ್ದವರಿಗೆ ಅವು ಬೇಕು. ಅದರಲ್ಲಿ ದೋಷವೆಣಿಸುವುದು ಸಲ್ಲದು. ಆದರೆ ಗಟ್ಟಿಮುಟ್ಟಾದ ತರುಣರು ತಮ್ಮ ಕಂಬಳಿಯನ್ನೂ ಅದರಲ್ಲೇ ಎಸೆದು ಕೈಬೀಸಿ ನಡೆಯುವುದು ನನಗೆ ಸರಿಕಾಣುವುದಿಲ್ಲ. ಇದಕ್ಕೆ ಕಾರಣ ಸಂಪ್ರದಾಯವಲ್ಲ, ಭೂಗೋಳ. ಆತ್ಮಕೂರು ದಾಟಿ, ವೆಂಕಟಾಪುರದಿಂದ ನಾಗಲೂಟಿ, ಪೆದ್ದಚೆರುವುಗಳ ಮೂಲಕ ಭೀಮುನಿ ಕೊಲನಿನ ಕಣಿವೆಗೆ ಇಳಿದು ಏರುವ ಕಾಲುದಾರಿಯಲ್ಲಿ ಟ್ರ್ಯಾಕ್ಟರು ಕೊನೆಯವರೆಗೆ ಜೊತೆಗೆ ಬರಲಾರದು. ಹದಿನೈದು ದಿನ ಏನನ್ನೂ ಹೊರದ ಹೆಗಲು ಅತ್ಯಂತ ಕಠಿಣವಾದ ಏರಿನಲ್ಲಿ ಮೊದಲ ಬಾರಿಗೆ ಹೊರಬೇಕಾಗುತ್ತದೆ.

ಇನ್ನು ಮಲಗುವ ಮಾತು. ಬಯಲು ಸೀಮೆಯಲ್ಲಿ ಗುಡಿಯ ಜಗಲಿ, ಮಠ, ಶಾಲೆಯ ಪಡಸಾಲೆ, ಕೊಯ್ಲಾದ ಹೊಲ ಎಲ್ಲವೂ ಯಾತ್ರಿಕನವೇ. ಹಳ್ಳಿಯವರು ಕರೆದು ಅನ್ನ ನೀಡುತ್ತಾರೆ, ಕಾಲಿಗೆ ಬಿಸಿನೀರು ಕೊಡುತ್ತಾರೆ. ಅಲ್ಲಿ ನಿದ್ರೆಯನ್ನು ಎರಡಾಗಿ ಹಂಚಿಕೊಳ್ಳುವುದು ಲೇಸು: ನಸುಕಿನಲ್ಲಿ ಎದ್ದು ನಡೆದು, ಬಿಸಿಲೇರುವ ಮುನ್ನ ಮರದಡಿ ಸೇರಿ ಮಲಗಿ, ಸಂಜೆ ಮತ್ತೆ ನಡೆಯಬೇಕು. ಕಾಡಿನಲ್ಲಾದರೋ ಈ ಸ್ವಾತಂತ್ರ್ಯವಿಲ್ಲ. ಅದು 1983ರಲ್ಲಿ ಹುಲಿ ಯೋಜನೆಗೆ ಸೇರಿದ ಅರಣ್ಯದ ಭಾಗ. ಚಿರತೆ, ಕರಡಿಗಳೂ ಅಲ್ಲಿವೆ. ನೀರಿನ ದಡ ತಂಪೆಂದು ಅಲ್ಲಿಯೇ ಕಂಬಳಿ ಹಾಸುವವರನ್ನು ಕಂಡಿದ್ದೇನೆ. ಆ ನೀರಿಗೆ ರಾತ್ರಿ ಬರುವವರು ಬೇರೆ. ಹತ್ತಾರು ಗುಂಪುಗಳು ಒಟ್ಟಿಗೆ ತಂಗುವ ಬಯಲಲ್ಲಿ, ನಡುವೆ ಮಲಗುವುದೇ ಕ್ಷೇಮ; ಗದ್ದಲವೆಂದು ದೂರ ಸರಿಯಬಾರದು. ಅಲ್ಲಿ ಅಡಿಗೆಗೆಂದು ಬೆಂಕಿ ಹೊತ್ತಿಸುವುದಂತೂ ಅಪರಾಧಕ್ಕೆ ಸಮ. ಒಣಗಿದ ಎಲೆಯ ಹಾಸಿನಲ್ಲಿ ಒಂದು ಕಿಡಿ ಸಾಕು. ಕಡಕ್ ರೊಟ್ಟಿಯ ಬೆಲೆ ಅಲ್ಲಿ ಮತ್ತೊಮ್ಮೆ ತಿಳಿಯುತ್ತದೆ.

ಮಲಗಿದ ಸ್ಥಳವನ್ನು ಬಿಡುವ ರೀತಿಯ ಬಗೆಗೂ ನನಗೆ ಅಸಮಾಧಾನವಿದೆ. ನಾವು ಹೊರಟುಬಂದ ಶಾಲೆಯೊಂದರ ಪಡಸಾಲೆಯಲ್ಲಿ ಪ್ಲಾಸ್ಟಿಕ್ ಲೋಟಗಳೂ ಎಂಜಲೆಲೆಗಳೂ ಬಿದ್ದಿದ್ದವು. ಹತ್ತು ಗಂಟೆಗೆ ಮಕ್ಕಳು ಬಂದು ಅದನ್ನೇ ಗುಡಿಸಬೇಕಾಗಿತ್ತು. ಆ ಮುದುಕಿ ಮಾತ್ರ ಯಾವ ಜಗಲಿಯಲ್ಲಿ ಮಲಗಿದರೂ ನಸುಕಿನಲ್ಲಿ ಪಕ್ಕದ ಮನೆಯಿಂದ ಕಸಬರಿಗೆ ಕೇಳಿ ತರುತ್ತಿದ್ದಳು. ಮರುದಿನದಿಂದ ನಾನು ಆಕೆಗಿಂತ ಮುಂಚೆ ಏಳಲು ಪ್ರಯತ್ನಿಸಿದೆ. ಶ್ರೀಶೈಲ ಸೇರುವವರೆಗೆ ಎರಡು ಸಲ ಮಾತ್ರ ಸಾಧ್ಯವಾಯಿತು.