ಕಲಬುರಗಿ ಆಕಾಶವಾಣಿಯಲ್ಲಿ ಲೋಕಸಂಗೀತ ಬರಲಿ



ಹಾಡುವವರೇ ರೇಡಿಯೊದಲ್ಲಿ ಕೂತು ಹಾಡು ಆರಿಸಿ ಕೇಳಿಸಿದರೆ ಅದರ ಸೊಗಸೇ ಬೇರೆ. ವೇಲ್ಸ್‌ನ ಗಾಯಕಿ ಕೆರಿಸ್ ಮ್ಯಾಥ್ಯೂಸ್ ಬಿಬಿಸಿ ರೇಡಿಯೊದಲ್ಲಿ ಹಲವು ದೇಶಗಳ ಹಾಡುಗಳನ್ನು ಹೀಗೆ ಕೇಳುಗರಿಗೆ ಮುಟ್ಟಿಸಿದ್ದಾರೆ. ನಮಗೂ ಇದು ಹೊಸದಲ್ಲ. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಗೆ ಗಾಯಕ ಮಲ್ಲಿಕಾರ್ಜುನ ಮನಸೂರರೇ ಸಂಗೀತ ಸಲಹೆಗಾರರಾಗಿದ್ದರು. ಸಂಗೀತ ಕಚೇರಿಗೆ ಹೋಗಲಾಗದ ಹೊಲದ ಮಂದಿಗೂ ಖಯಾಲು, ವಚನ ದಕ್ಕಿದ್ದು ರೇಡಿಯೊದಿಂದ.

ಕಡಕೋಳ ಮಡಿವಾಳಪ್ಪನವರ ತತ್ವಪದ, ಮೊಹರಮ್ಮಿನ ರಿವಾಯತ್, ದರ್ಗಾದ ಕವ್ವಾಲಿ ಕೇಳಿ ಬೆಳೆದ ಸೀಮೆ ನಮ್ಮದು. ಇಂಥ ಕಿವಿಗೆ ಪಾಕಿಸ್ತಾನದ ಗಾಯಕಿ ಆಬಿದಾ ಪರ್ವೀನರ ದನಿ ಪರಕೀಯ ಎನಿಸಲಾರದು. ಮಾಲಿ ದೇಶದ ಅಲಿ ಫರ್ಕಾ ಟೂರೆ ನೈಜರ್ ನದಿ ದಂಡೆಯ ರೈತರಾಗಿದ್ದರು. ಗಿಟಾರಿನಿಂದ ಜಗತ್ತಿನಲ್ಲೆಲ್ಲ ಹೆಸರು ಬಂದ ಮೇಲೂ ನಿಯಾಫುಂಕೆ ಊರಿನ ಹೊಲ ಬಿಡಲಿಲ್ಲ, ಆ ಊರಿನ ಮೇಯರೂ ಆದರು. ಭೀಮಾ ಸೀಮೆಯ ರೈತನಿಗೆ ಅಂಥವರ ಪರಿಚಯ ಆಗಬೇಡವೇ?

ಮೊಬೈಲಿನಲ್ಲಿ ಎಲ್ಲವೂ ಸಿಗುತ್ತದೆ, ನಿಜ. ಆದರೆ ಯಾವುದನ್ನು ಹುಡುಕಬೇಕೆಂದು ಹೇಳುವವರು ಬೇಕು. ವಾರಕ್ಕೊಮ್ಮೆ ಅರ್ಧ ಗಂಟೆ, ನಮ್ಮ ಭಾಗದ ಗಾಯಕರೊಬ್ಬರು ಲೋಕದ ಹಾಡುಗಳ ಹಿನ್ನೆಲೆಯನ್ನು ನಮ್ಮ ಮಾತಿನಲ್ಲೇ ಹೇಳಿ ಕೇಳಿಸುವಂತೆ ಕಲಬುರಗಿ ಆಕಾಶವಾಣಿ ಏರ್ಪಾಟು ಮಾಡಬೇಕೆಂದು ವಿನಂತಿಸುತ್ತೇನೆ.

– ಒಬ್ಬ ಕೇಳುಗ, ಹವಳಗಾ, ಅಫಜಲಪುರ ತಾಲ್ಲೂಕು