ಕೋಶ ಓದಿದವರು ದೇಶ ಸುತ್ತಬೇಡವೆ?

'ದೇಶ ಸುತ್ತು, ಕೋಶ ಓದು' ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಪ್ರಬಂಧ ಸ್ಪರ್ಧೆಗಳಲ್ಲಿ ಈ ಗಾದೆಯನ್ನು ಬರೆಯದ ವಿದ್ಯಾರ್ಥಿ ನಮ್ಮ ಕಾಲೇಜಿನಲ್ಲಿ ಸಿಕ್ಕುವುದು ದುರ್ಲಭ. ನಾನೂ ಹಲವು ಸಲ ಬರೆದಿದ್ದೇನೆ. ಒಂದು ಸಲ ಬಹುಮಾನವೂ ಬಂದಿದೆ. ಆದರೆ ನಮ್ಮ ಮನೆಯಲ್ಲಿ ಈ ಗಾದೆ ಎರಡು ಹೋಳಾಗಿ ಹಂಚಿಹೋಗಿದೆಯೆಂಬುದು ನನಗೆ ಹೊಳೆದದ್ದು ಈ ವರ್ಷವೇ. ನನ್ನ ತಂದೆಯವರು ಲಾರಿ ಚಾಲಕರು. ಚಿತ್ರದುರ್ಗದ ಕಡೆಯ ಈರುಳ್ಳಿಯನ್ನು ಹೇರಿಕೊಂಡು ಅವರು ಕಾಣದ ಊರಿಲ್ಲ. ಓದಿದ್ದು ನಾಲ್ಕನೆಯ ತರಗತಿ. ನಾನಾದರೋ ನಮ್ಮ ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವಳು. ಇತಿಹಾಸ, ಸಮಾಜಶಾಸ್ತ್ರಗಳನ್ನು ಓದುತ್ತಿದ್ದೇನೆ. ನಮ್ಮ ಜಿಲ್ಲೆಯ ಗಡಿಯನ್ನು ದಾಟಿದ್ದು ಎರಡೇ ಸಲ. ದೇಶ ಸುತ್ತಿದವರಿಗೆ ಕೋಶವಿಲ್ಲ, ಕೋಶ ಓದಿದವಳಿಗೆ ದೇಶವಿಲ್ಲ.

ಈ ಸಾಲಿನ ಆರಂಭದಲ್ಲಿ ನಮ್ಮ ಅಧ್ಯಾಪಕರೊಬ್ಬರು ತರಗತಿಯಲ್ಲಿ ಒಂದು ಮಾತು ಹೇಳಿದರು. ಪದವಿ ಓದುವಾಗಲೇ ಒಂದು ಸೆಮಿಸ್ಟರನ್ನು ಹೊರದೇಶದ ವಿಶ್ವವಿದ್ಯಾನಿಲಯದಲ್ಲಿ ಕಳೆದು, ಅಲ್ಲಿ ಗಳಿಸಿದ ಕ್ರೆಡಿಟ್ಟುಗಳನ್ನು ತಮ್ಮ ಕಾಲೇಜಿನ ಲೆಕ್ಕಕ್ಕೆ ಸೇರಿಸಿಕೊಳ್ಳುವ ಏರ್ಪಾಡು ಉಂಟೆಂದೂ, ಮುಂದೆ ಸ್ನಾತಕೋತ್ತರ ವ್ಯಾಸಂಗಕ್ಕೂ ಸಂಶೋಧನೆಗೂ ಅದಕ್ಕಿಂತ ಒಳ್ಳೆಯ ಸಿದ್ಧತೆ ಮತ್ತೊಂದಿಲ್ಲವೆಂದೂ ಅವರ ಅಭಿಪ್ರಾಯ. ರಾತ್ರಿ ಮನೆಯಲ್ಲಿ ನಾನು ಇದನ್ನು ಹೇಳಿದಾಗ ಅಪ್ಪ ನಕ್ಕುಬಿಟ್ಟರು. "ಆರು ತಿಂಗಳಿಗೆ ಏನು ಕಲಿತೀಯಮ್ಮಾ? ನಾನು ಗೌಹಾತಿವರೆಗೂ ಹೋಗಿ ಬಂದೆ. ಡಾಬಾ, ಚೆಕ್‌ಪೋಸ್ಟು ಬಿಟ್ಟು ಏನು ನೋಡಿದೆ?" ಎಂದರು. ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಹೊರದೇಶದ ವ್ಯಾಸಂಗದ ಮೇಲೆ ಯಾರೇ ಮಾಡಬಹುದಾದ ಆಕ್ಷೇಪಣೆಗಳಲ್ಲಿ ಇದೇ ಬಲವಾದದ್ದು. ತಿರುಗಾಟವೊಂದೇ ಯಾರನ್ನೂ ವಿದ್ಯಾವಂತರನ್ನಾಗಿ ಮಾಡುವುದಿಲ್ಲ.

ಹಾಗಾದರೆ ಆ ಆರು ತಿಂಗಳಲ್ಲಿ ಇರುವುದಾದರೂ ಏನು? ಈ ಪದ್ಧತಿ ಹೊಸದೇನಲ್ಲ. 1923ರಲ್ಲಿ ಅಮೆರಿಕದ ಡೆಲಾವೇರ್ ವಿಶ್ವವಿದ್ಯಾನಿಲಯದ ರೇಮಂಡ್ ಕರ್ಕ್‌ಬ್ರೈಡ್ ಎಂಬ ಅಧ್ಯಾಪಕರು ಎಂಟು ಮಂದಿ ವಿದ್ಯಾರ್ಥಿಗಳನ್ನು ಹಡಗಿನಲ್ಲಿ ಫ್ರಾನ್ಸಿಗೆ ಕರೆದೊಯ್ದರು. ಮೊದಲ ಮಹಾಯುದ್ಧದಲ್ಲಿ ಸೈನಿಕರಾಗಿದ್ದ ಅವರಿಗೆ ದೇಶದೇಶಗಳ ತರುಣರು ಒಬ್ಬರನ್ನೊಬ್ಬರು ಅರಿಯಬೇಕೆಂಬ ಹಂಬಲವಿತ್ತು. ಮುಂದೆ 1987ರಲ್ಲಿ ಯೂರೋಪಿನ 11 ದೇಶಗಳು ಸೇರಿ, ರೋಟರ್‌ಡ್ಯಾಮಿನ ಪಂಡಿತ ಎರಾಸ್ಮಸನ ಹೆಸರಿನಲ್ಲಿ ಒಂದು ಯೋಜನೆಯನ್ನು ಆರಂಭಿಸಿದವು. ಮೊದಲ ವರ್ಷ ಹೋದವರು 3,244 ವಿದ್ಯಾರ್ಥಿಗಳು. ಇಂದು ಆ ಸಂಖ್ಯೆ ಬೆಳೆದು ಬೆಟ್ಟವಾಗಿದೆ. ಭಾರತದ ಕಾಲೇಜುಗಳೂ ಅಲ್ಲಿಯ ವಿಶ್ವವಿದ್ಯಾನಿಲಯಗಳೊಡನೆ ಒಪ್ಪಂದ ಮಾಡಿಕೊಂಡರೆ ಅದರ ಪ್ರಯೋಜನ ಪಡೆಯಬಹುದು. ಹಾಗೆ ಹೋದವರು ಅಲ್ಲಿ ಬೋಧನಾ ಶುಲ್ಕ ಕೊಡಬೇಕಾಗಿಲ್ಲ. ಖರ್ಚಿಗೆ ವೇತನವೂ ದೊರೆಯುತ್ತದೆ.

ನನ್ನ ಗಮನ ಸೆಳೆದದ್ದು ಅಲ್ಲಿಯ ಕ್ರೆಡಿಟ್ಟಿನ ಲೆಕ್ಕ. ಯೂರೋಪಿನಲ್ಲಿ ಒಂದು ಸೆಮಿಸ್ಟರಿಗೆ 30 ಕ್ರೆಡಿಟ್ಟು. ಒಂದೊಂದು ಕ್ರೆಡಿಟ್ಟಿಗೆ ವಿದ್ಯಾರ್ಥಿಯ 25ರಿಂದ 30 ಗಂಟೆಗಳ ದುಡಿಮೆ. ಕನಿಷ್ಠವೆಂದರೂ 750 ಗಂಟೆಗಳಾದವು. ಕಲಾ ವಿಷಯಗಳಲ್ಲಿ ವಾರಕ್ಕೆ 12 ಗಂಟೆಗಳಂತೆ 15 ವಾರ ತರಗತಿ ನಡೆಯಿತೆಂದುಕೊಂಡರೂ 180 ಗಂಟೆಗಳೇ. ಮಿಕ್ಕ 570 ಗಂಟೆಗಳು ಯಾರವು? ಓದುವವನವು. ಗ್ರಂಥಾಲಯದಲ್ಲಿ ಕುಳಿತು ಓದುವುದಕ್ಕೆ, ಓದಿದ್ದನ್ನು ಎತ್ತಿಹಿಡಿದು ವಾದಿಸುವುದಕ್ಕೆ, ವಾದಿಸಿದ್ದನ್ನು ಹದಿನೈದು ಇಪ್ಪತ್ತು ಪುಟಗಳ ಪ್ರಬಂಧವಾಗಿ ಬರೆಯುವುದಕ್ಕೆ. ಆ ಪ್ರಬಂಧಕ್ಕೆ ಯಾವ ಗೈಡಿನಲ್ಲಿಯೂ ಉತ್ತರವಿಲ್ಲ.

ನಾವು ಇಲ್ಲಿ ಓದುವ ಬಗೆಯನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ. ನಮ್ಮ ಅಧ್ಯಾಪಕರನ್ನು ನಾನು ದೂರುತ್ತಿಲ್ಲ. ಎಂಬತ್ತು ಮಂದಿಯ ತರಗತಿಯಲ್ಲಿ ಅವರು ತಾನೆ ಏನು ಮಾಡಿಯಾರು? ಹತ್ತು ಅಂಕದ ಪ್ರಶ್ನೆಗೆ ನಾಲ್ಕು ಪುಟ, ಐದು ಅಂಕದ ಪ್ರಶ್ನೆಗೆ ಎರಡು ಪುಟ. ಪರೀಕ್ಷೆಗೆ ಹದಿನೈದು ದಿನ ಮುಂಚೆ ಟಿಪ್ಪಣಿಗಳ ಪಾರಾಯಣ. ಮೂರು ವರ್ಷಗಳಲ್ಲಿ 'ಇದರ ಬಗ್ಗೆ ನಿನ್ನ ಅಭಿಪ್ರಾಯವೇನು?' ಎಂದು ಯಾರಾದರೂ ನನ್ನನ್ನು ಕೇಳಿದ್ದರೆ, ಅದು ಚರ್ಚಾಸ್ಪರ್ಧೆಯ ವೇದಿಕೆಯಲ್ಲಿ ಮಾತ್ರ. ಎಂ.ಎ. ತರಗತಿಯಲ್ಲಿಯೂ, ಅದರಾಚೆಯ ಸಂಶೋಧನೆಯಲ್ಲಿಯೂ ಕೇಳುವ ಪ್ರಶ್ನೆ ಅದೊಂದೇ. ಹೊರದೇಶದ ಒಂದು ಸೆಮಿಸ್ಟರು ಆ ಪ್ರಶ್ನೆಗೆ ನಮ್ಮನ್ನು ಮುಂಚಿತವಾಗಿ ಒಡ್ಡುತ್ತದೆ. ಇಂಥ ಓದು ತನಗೆ ಒಗ್ಗುವುದೋ ಇಲ್ಲವೋ ಎಂಬುದು ಆರೇ ತಿಂಗಳಲ್ಲಿ ತಿಳಿದುಹೋಗುತ್ತದೆ. ಒಗ್ಗದಿದ್ದರೆ ಮುಂದಿನ ಐದಾರು ವರ್ಷಗಳು ಉಳಿದವು. ಒಗ್ಗಿದರೆ, ನಮ್ಮ ಬರವಣಿಗೆಯನ್ನು ಓದಿ ಬಲ್ಲ ಒಬ್ಬ ಅಧ್ಯಾಪಕರ ಶಿಫಾರಸು ಪತ್ರ ಕೈಯಲ್ಲಿರುತ್ತದೆ. ಅಪ್ಪನ ಪ್ರಶ್ನೆಗೆ ನನ್ನ ಉತ್ತರ ಇದು: ಅದು ಡಾಬಾದಿಂದ ಡಾಬಾಕ್ಕೆ ಹೋಗುವ ಪ್ರಯಾಣವಲ್ಲ, ಒಂದೇ ಕಡೆ ಕುಳಿತು ಮಾಡುವ ದುಡಿಮೆ.

ಮತ್ತೊಂದು ಲಾಭವೂ ಉಂಟು. ದೂರ ಹೋದವರಿಗೆ ತಮ್ಮ ಊರು ಚೆನ್ನಾಗಿ ಕಾಣುತ್ತದೆ. ತೀರ್ಥಹಳ್ಳಿಯ ಕಡೆಯ ಯು.ಆರ್. ಅನಂತಮೂರ್ತಿಯವರು ಮಲೆನಾಡಿನ ಅಗ್ರಹಾರವನ್ನು ಕುರಿತ 'ಸಂಸ್ಕಾರ'ವನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ವಿದ್ಯಾರ್ಥಿಯಾಗಿದ್ದಾಗ. ಮೈಸೂರಿನ ಎಂ.ಎನ್. ಶ್ರೀನಿವಾಸರು ಆಕ್ಸ್‌ಫರ್ಡಿನಲ್ಲಿ ಓದಿ, 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದಕ್ಕೆ ಹೋಗಿ ನೆಲೆಸಿ ಅಧ್ಯಯನ ಮಾಡಿದರು. ಇನ್ನು ನಮ್ಮ ಗಾದೆಯ 'ಕೋಶ'ವನ್ನೇ ತೆಗೆದುಕೊಳ್ಳಿ. ನಮ್ಮ ಗ್ರಂಥಾಲಯದ ಕಪಾಟಿನಲ್ಲಿರುವ ಕಿಟ್ಟೆಲ್ ನಿಘಂಟನ್ನು ಮಾಡಿದವರು ಜರ್ಮನಿಯಿಂದ 1853ರಲ್ಲಿ ಇಲ್ಲಿಗೆ ಬಂದ ತರುಣ. ಆಗ ಅವರಿಗೆ ಇಪ್ಪತ್ತೊಂದು ವರ್ಷ. ನಿಘಂಟು ಅಚ್ಚಾದದ್ದು 1894ರಲ್ಲಿ. ಅವರು ಬಂದದ್ದು ಮತಪ್ರಚಾರಕ್ಕೆ ಎಂಬುದನ್ನು ನಾನು ಬಲ್ಲೆ. ಆದರೂ ದೇಶ ಸುತ್ತಿದವರೊಬ್ಬರು ನಮಗೆ ಕೋಶವನ್ನು ಕೊಟ್ಟುಹೋದರೆಂಬುದು ಸುಳ್ಳಲ್ಲ.

ಇಷ್ಟೆಲ್ಲ ಒಳ್ಳೆಯದಾದರೆ ನಾವು ಏಕೆ ಹೋಗುತ್ತಿಲ್ಲ? ಕಾರಣ ಹಣವೊಂದೇ ಎಂದು ಮೊದಲು ಭಾವಿಸಿದ್ದೆ. ಹಣವೂ ಕಾರಣವೇ. ಜರ್ಮನಿಯ ಬಹುಪಾಲು ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ 2024ರಲ್ಲಿ ನಿಗದಿಯಾದಂತೆ, ವೀಸಾ ಬೇಕೆಂದರೆ ತಿಂಗಳಿಗೆ 992 ಯೂರೋಗಳಂತೆ ಹಣ ತೋರಿಸಬೇಕು. ಆರು ತಿಂಗಳಿಗೆ ಐದು ಲಕ್ಷ ರೂಪಾಯಿಗೂ ಮೀರಿತು. ನಮ್ಮ ಮನೆಯಲ್ಲಿ ಅಷ್ಟು ಹಣವನ್ನು ಒಟ್ಟಿಗೆ ಕಂಡವರಿಲ್ಲ. ಹಣಕ್ಕಿಂತ ದೊಡ್ಡ ಅಡ್ಡಿ ಒಪ್ಪಂದದ್ದು. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2022ರಲ್ಲಿ ಹೊರಡಿಸಿದ ನಿಯಮಾವಳಿಯು ಹೊರದೇಶದ ವಿದ್ಯಾಸಂಸ್ಥೆಯೊಡನೆ ಜೋಡಿ ವ್ಯಾಸಂಗ ನಡೆಸಲು ನ್ಯಾಕ್‌ನಲ್ಲಿ 4ಕ್ಕೆ 3.01 ಅಂಕವನ್ನೋ, ಇಲ್ಲವೆ ದೇಶದ ಮೊದಲ ನೂರು ವಿಶ್ವವಿದ್ಯಾನಿಲಯಗಳಲ್ಲಿ ಸ್ಥಾನವನ್ನೋ, ಶ್ರೇಷ್ಠ ಸಂಸ್ಥೆಯೆಂಬ ಮನ್ನಣೆಯನ್ನೋ ಕೇಳಿತು. ತಾಲ್ಲೂಕು ಕೇಂದ್ರದ ಕಾಲೇಜು ಎಲ್ಲಿ, ಆ ಪಟ್ಟಿ ಎಲ್ಲಿ? ಅಧ್ಯಯನ ಸೌಕರ್ಯ ಕಡಿಮೆಯಿದ್ದಲ್ಲಿ ಇಂಥ ಅವಕಾಶ ಹೆಚ್ಚಾಗಿ ಬೇಕು. ಆದರೆ ಸೌಕರ್ಯ ಇದ್ದಲ್ಲಿಗೇ ಅವಕಾಶವೂ ಹರಿಯುತ್ತದೆ. ಉಳ್ಳವರ ಹೊಲಕ್ಕೇ ಕಾಲುವೆ ಎಂದಂತಾಯಿತು.

ಮೂರು ವರ್ಷದ ಪದವಿಯ ತೊಡಕು ಬೇರೆ. ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ ಬಂದಿತು. 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೇ ಹಿಂತಿರುಗಿದೆವು. ಅಮೆರಿಕದ ಹಲವು ವಿಶ್ವವಿದ್ಯಾನಿಲಯಗಳು ಸ್ನಾತಕೋತ್ತರ ಪ್ರವೇಶಕ್ಕೆ ಹದಿನಾರು ವರ್ಷಗಳ ಶಿಕ್ಷಣವನ್ನು ಕೇಳುತ್ತವೆ, ನಮ್ಮದು ಹದಿನೈದು. ಬಡವರ ಮಕ್ಕಳಿಗೆ ಮೂರು ವರ್ಷದ ಪದವಿಯೇ ಅನುಕೂಲವೆಂಬುದನ್ನು ನಾನು ಒಪ್ಪುತ್ತೇನೆ. ಇನ್ನೊಂದು ವರ್ಷ ಓದಿಸೆಂದು ಅಪ್ಪನನ್ನು ಕೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ಆದುದರಿಂದಲೇ ಈ ಮೂರು ವರ್ಷಗಳೊಳಗಿನ ಒಂದು ಸೆಮಿಸ್ಟರಿಗೆ ಬೆಲೆ ಹೆಚ್ಚು.

'ಹೋದವರು ತಿರುಗಿ ಬರುವುದಿಲ್ಲ, ಅವರಿಗೇಕೆ ಸರಕಾರದ ಹಣ?' ಎನ್ನುವವರಿದ್ದಾರೆ. ಒಂದು ಸೆಮಿಸ್ಟರಿಗೆ ಹೋದವರು ಬಂದೇ ಬರಬೇಕು. ಅವರ ಪದವಿ ಇರುವುದು ಇಲ್ಲಿ. 'ಗ್ರಂಥಾಲಯದ ಮಾಳಿಗೆ ಸೋರುತ್ತಿರುವಾಗ ಇದೇಕೆ?' ಎನ್ನುವವರೂ ಇದ್ದಾರೆ. ಮಾಳಿಗೆ ರಿಪೇರಿಯಾಗಲೇಬೇಕು. ಆದರೆ ಒಳ್ಳೆಯ ಗ್ರಂಥಾಲಯವನ್ನು ಕಂಡು ಬಂದವರಲ್ಲವೆ ಸೋರುವ ಗ್ರಂಥಾಲಯವನ್ನು ಸಹಿಸದವರು?

ವಿದ್ಯಾರ್ಥಿವೇತನದ ಬೆಲೆಯನ್ನು ತಿಳಿಯಬೇಕಾದರೆ ಡಾಕ್ಟರ್ ಅಂಬೇಡ್ಕರರ ಜೀವನವನ್ನು ನೋಡಬೇಕು. 1913ರಲ್ಲಿ ಬರೋಡದ ಮಹಾರಾಜರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷಗಳಿಗೆ ಕೊಟ್ಟ ವೇತನದಿಂದ ಅವರು ಕೊಲಂಬಿಯಾಕ್ಕೆ ಹೋದರು. ವೇತನದ ಅವಧಿ ಮುಗಿದಾಗ, 1917ರಲ್ಲಿ, ಲಂಡನ್ನಿನ ವ್ಯಾಸಂಗವನ್ನು ಅರ್ಧಕ್ಕೆ ಬಿಟ್ಟು ಮರಳಬೇಕಾಯಿತು. ಮತ್ತೆ ಹೋಗಲಾದದ್ದು 1920ರಲ್ಲಿ. ಅಂಥ ಮಹಾಮೇಧಾವಿಯನ್ನೇ ಹಣವಿಲ್ಲದಿರುವಿಕೆ ಮೂರು ವರ್ಷ ತಡೆಯಿತೆಂದರೆ ನಮ್ಮಂಥವರ ಪಾಡೇನು?

ಆದಕಾರಣ ನನ್ನ ಅಲ್ಪಮತಿಗೆ ತೋಚಿದ ಕೆಲವು ಸಲಹೆಗಳನ್ನು ಮುಂದಿಡುತ್ತೇನೆ. ಒಂದೊಂದು ಸರಕಾರಿ ಕಾಲೇಜೂ ಪ್ರತ್ಯೇಕವಾಗಿ ಒಪ್ಪಂದ ಮಾಡಿಕೊಳ್ಳಲಾರದು. ಜಿಲ್ಲೆಯ ಕಾಲೇಜುಗಳೆಲ್ಲದರ ಪರವಾಗಿ ವಿಶ್ವವಿದ್ಯಾನಿಲಯವೇ ಮಾಡಿಕೊಳ್ಳಲಿ. ಕೇಂದ್ರ ಸರಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವು ಎಂ.ಎ., ಪಿಎಚ್.ಡಿ. ವ್ಯಾಸಂಗಗಳಿಗೆ ಮಾತ್ರ ಇದೆ. ಪದವಿ ತರಗತಿಯ ಒಂದು ಸೆಮಿಸ್ಟರಿಗೂ ಕೆಲವು ಸ್ಥಾನಗಳನ್ನು ಇಡಲಿ. ಹಣವನ್ನು ಮುಂಗಡವಾಗಿ ಕೊಡಲಿ. 'ಮೊದಲು ಖರ್ಚು ಮಾಡಿ, ಆಮೇಲೆ ರಸೀದಿ ತನ್ನಿ' ಎಂದರೆ ಬಡವರು ಅಲ್ಲಿಗೇ ನಿಂತರು. ಹೋಗಿ ಬಂದವರು ಒಂದು ಸೆಮಿಸ್ಟರು ಪೂರ್ತಿ ವಾರಕ್ಕೊಂದು ಗಂಟೆ ಕಿರಿಯರಿಗೆ ತಾವು ಕಲಿತದ್ದನ್ನು ಕಲಿಸಲಿ.

ಅಲ್ಲಿಯವರೆಗೆ ಕೈಕಟ್ಟಿ ಕೂಡುವುದೇ? ನಾವು ಐದು ಮಂದಿ ಗೆಳತಿಯರು ಡಿಸೆಂಬರಿನಿಂದ ಶನಿವಾರಗಳಂದು ಗ್ರಂಥಾಲಯದಲ್ಲಿ ಸೇರುತ್ತಿದ್ದೇವೆ. ಯಾವುದಾದರೊಂದು ಪುಸ್ತಕದ ಇಪ್ಪತ್ತು ಪುಟ ಓದಿ ಬರಬೇಕು. ಒಬ್ಬಳು ಅದನ್ನು ಖಂಡಿಸಲೇಬೇಕು. ಮೊದಲ ಶನಿವಾರ ಯಾರೂ ಬಾಯಿ ಬಿಡಲಿಲ್ಲ. ಎರಡನೆಯ ಶನಿವಾರ ಎಲ್ಲರೂ ಲೇಖಕರು ಹೇಳಿದ್ದೇ ಸರಿಯೆಂದೆವು. ಐದನೆಯ ಶನಿವಾರ ಜಗಳವಾಯಿತು. ಗ್ರಂಥಪಾಲಕರು ಬಂದು ಗದರಿಸಿದರು. ಅಂದು ನಾವು ಮನೆಗೆ ಹೋದದ್ದು ಬಹಳ ಸಂತೋಷದಿಂದ.

ನನ್ನ ಪಾಲಿಗೆ ಆ ಸೆಮಿಸ್ಟರು ಬರಲಿಲ್ಲ. ಇನ್ನು ಬರುವಂತೆಯೂ ಇಲ್ಲ. ಇಲ್ಲಿಯೇ ಎಂ.ಎ.ಗೆ ಅರ್ಜಿ ಹಾಕುತ್ತೇನೆ. ಕಳೆದ ತಿಂಗಳು ಅಪ್ಪ ಮಹಾರಾಷ್ಟ್ರದ ಟ್ರಿಪ್ಪು ಮುಗಿಸಿ ಬಂದವರು ನನ್ನ ಕೈಯಲ್ಲಿ 1,500 ರೂಪಾಯಿ ಇಟ್ಟು ಪಾಸ್‌ಪೋರ್ಟಿಗೆ ಕಟ್ಟು ಎಂದರು. ಹೋಗುವುದೇ ಇಲ್ಲವಲ್ಲ, ಏಕೆ ಎಂದೆ. "ಗಾಡಿ ಇಲ್ಲದಿದ್ರೂ ಲೈಸೆನ್ಸು ಇರಬೇಕಮ್ಮಾ" ಎಂದರು. ಪಾಸ್‌ಪೋರ್ಟು ಹತ್ತು ವರ್ಷ ನಡೆಯುತ್ತದೆಯಂತೆ. ಅಷ್ಟರಲ್ಲಿ ನಮ್ಮ ಕಾಲೇಜಿನಿಂದ ಯಾರಾದರೊಬ್ಬರು ಹೊರಡಲಿ. ಅವರು ಮರಳಿ ಬಂದಾಗ, ಕಂಡದ್ದನ್ನು ಈ ಪತ್ರಿಕೆಯಲ್ಲಿಯೇ ಬರೆಯಲಿ. ನಾನು ಎಲ್ಲಿದ್ದರೂ ತರಿಸಿಕೊಂಡು ಓದುತ್ತೇನೆ.