ಶುದ್ಧ ತಳಿಯ ಹಟ ಬಿಡೋಣ

1904ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಕಾಣಿಸಿಕೊಂಡ ಏಷ್ಯಾ ಮೂಲದ ಶಿಲೀಂಧ್ರವು ಅರ್ಧ ಶತಮಾನದಲ್ಲಿ ಸುಮಾರು 400 ಕೋಟಿ ಅಮೆರಿಕನ್ ಚೆಸ್ಟ್‌ನಟ್ ಮರಗಳನ್ನು ಕೊಂದಿತು. ಬೇರು ಬದುಕಿ ಚಿಗುರುತ್ತದೆ; ಚಿಗುರು ಬಲಿಯುವ ಹೊತ್ತಿಗೆ ಮತ್ತೆ ಅದೇ ರೋಗ. ರೋಗ ತಾಳುವ ಚೀನೀ ಚೆಸ್ಟ್‌ನಟ್‌ನೊಂದಿಗೆ ಸಂಕರ ಮಾಡಿ, ಅದನ್ನು ಪದೇ ಪದೇ ಅಮೆರಿಕನ್ ತಳಿಗೇ ಕೂಡಿಸಿದರು. ಎರಡು ಮೂರು ಜೀನ್ ಹಿಡಿದರೆ ಸಾಕೆಂಬ ಲೆಕ್ಕ ತಪ್ಪಿತು; ನಿರೋಧಕ ಶಕ್ತಿ ಹಲವು ಜೀನ್‌ಗಳಲ್ಲಿ ಹಂಚಿಹೋಗಿದೆ, ತಳಿ ಅಮೆರಿಕನ್ ಆದಷ್ಟೂ ಅದು ಸೋರುತ್ತದೆ. ಶಿಲೀಂಧ್ರದ ಆಕ್ಸಾಲಿಕ್ ಆಮ್ಲವನ್ನು ಒಡೆಯುವ ಗೋಧಿಯ ಜೀನ್ ಸೇರಿಸಿದ ಮರಕ್ಕೂ 2023ರಲ್ಲಿ ಅಮೆರಿಕನ್ ಚೆಸ್ಟ್‌ನಟ್ ಫೌಂಡೇಶನ್ ಬೆಂಬಲ ಹಿಂತೆಗೆದುಕೊಂಡಿತು.

ಸಂಕರ ಮರ ಅಸಲಿಯಲ್ಲ ಎನ್ನುವವರಿದ್ದಾರೆ. ಇರಲಿ, ಬೆಳೆಯುವ ಮೊದಲೇ ಸಾಯುವ ಶುದ್ಧ ತಳಿ ಕಾಡಿಗೆ ಕೊಡುವುದಾದರೂ ಏನನ್ನು? ಚೀನೀ ಪಾಲು ತುಸು ಹೆಚ್ಚಿದ್ದರೂ ಎತ್ತರಕ್ಕೆ ಬೆಳೆದು ಕಾಯಿ ಬಿಡುವ ಮರವನ್ನೇ ನೆಡಬೇಕು.